ಮಾನಿಟರಬಾಯಿಯ ಎರಡು ಮಾನಿಟರ್

ನಮ್ಮ ಮನೆಯಲ್ಲಿ ಎಡಗಡೆಯ ಮಾನಿಟರಿನ ನೆತ್ತಿಯ ಮೇಲೆ ಒಂದು ಸೀಮೆಸುಣ್ಣದ ತುಂಡು ಇದೆ. ದಿನಾ ಬೆಳಿಗ್ಗೆ ಧೂಳು ಒರೆಸುವಾಗ ಎತ್ತುತ್ತೇನೆ, ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಸ್ಪೀಕರುಗಳ ಮೇಲೆ ಏನನ್ನೂ ಇಡಕೂಡದೆಂದು ಅವುಗಳ ಜೊತೆ ಬಂದ ಪುಸ್ತಿಕೆಯಲ್ಲಿ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದೆ. ಎಪ್ಪತ್ತಮೂರು ವರ್ಷ ರೂಲ್ಸ್ ಪಾಲಿಸಿಕೊಂಡು ಬಂದ ಹೆಂಗಸು ನಾನು. ಇದೊಂದು ರೂಲನ್ನು ಮುರಿದಿದ್ದೇನೆ, ಮುರಿದು ಬಹಳ ಸುಖವಾಗಿದ್ದೇನೆ.

ಮಾನಿಟರ್ ಅಂದರೆ ಕಂಪ್ಯೂಟರಿನ ಪರದೆ ಅಂತ ನೀವು ತಿಳಿದುಕೊಂಡಿದ್ದರೆ ಸಂಕೋಚ ಬೇಡ, ಹೋದ ವರ್ಷದವರೆಗೆ ನಾನೂ ಹಾಗೇ ತಿಳಿದಿದ್ದೆ. ಅದಕ್ಕೂ ಬಹಳ ಹಿಂದೆ, ಮಾನಿಟರ್ ಅಂದರೆ ನಾನೇ ಅಂತ ತಿಳಿದಿದ್ದೆ.

ನನ್ನ ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಯ ಪೇಪರ್ ಮಿಲ್ಲಿಗೆ ಕೆಲಸಕ್ಕೆ ಬಂದವರು. ನಮ್ಮ ಮನೆಗೆ ಗಡಿಯಾರ ಬರುವ ಮೊದಲು ಮಿಲ್ಲಿನ ಭೋಂಗಾ ಇತ್ತು. ಅದು ಕೂಗಿದರೆ ಏಳುವುದು, ಅದು ಕೂಗಿದರೆ ಅಪ್ಪನ ಡಬ್ಬಿ ಕಟ್ಟುವುದು. ಇಂಥ ಮನೆಯ ಹುಡುಗಿಯನ್ನು ಕಾನ್ವೆಂಟಿಗೆ ಹಾಕಿದರು. ಮೂರನೇ ಕ್ಲಾಸಿನಲ್ಲಿ ಸಿಸ್ಟರ್ ನನ್ನನ್ನು ಮಾನಿಟರ್ ಮಾಡಿದರು. 'ಸುಶೀಲಾ ಇಡೀ ದಿನ ಒಂದು ಮಾತೂ ಆಡುವುದಿಲ್ಲ, ವೆರಿ ವೆಲ್ ಬಿಹೇವ್ಡ್' ಅಂತ ಹೊಗಳಿದರು. ನಿಜ ಏನೆಂದರೆ ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಕನ್ನಡ ಆಡಿದರೆ ಏಟು. ಹೀಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಜಗತ್ತಿನಲ್ಲಿ ಎಷ್ಟು ಜನರ ಡಿಸಿಪ್ಲಿನ್ ಇದೇ ನಮೂನೆಯದೋ ದೇವರಿಗೇ ಗೊತ್ತು.

ಮಾನಿಟರಿನ ಕೆಲಸ ಸರಳ. ಸಿಸ್ಟರ್ ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಕ್ಯಾಪಿಟಲ್ ಲೆಟರಿನಲ್ಲಿ ಬರೆಯಬೇಕು. ಮತ್ತೆ ಸದ್ದು ಮಾಡಿದರೆ ಹೆಸರಿನ ಮುಂದೆ ಒಂದು ಇಂಟು. ಮೂರು ಇಂಟು ಬಿದ್ದರೆ ಕ್ಲಾಸಿನ ಹೊರಗೆ. ನಾನು ಈ ಕೆಲಸವನ್ನು ಮಾಡಿದ ಹಾಗೆ ಮುಂದೆ ಯಾವ ಕೆಲಸವನ್ನೂ ಮಾಡಿಲ್ಲ. ನನ್ನ ಹತ್ತಿರ ವಶೀಲಿ ನಡೆಯುತ್ತಿರಲಿಲ್ಲ. ಪೇರಲಹಣ್ಣು ಕೊಟ್ಟವರ ಹೆಸರನ್ನೂ ಪೇರಲಹಣ್ಣು ತಿನ್ನುತ್ತಲೇ ಬರೆದಿದ್ದೇನೆ.

ಬೋರ್ಡಿನ ಆ ಮೂಲೆಯಲ್ಲಿ ಖಾಯಂ ಆಗಿ ಇರುತ್ತಿದ್ದ ಹೆಸರು ಫಿಲೋಮಿನಾ. ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಕ್ರಿಶ್ಚಿಯನ್ ಮನೆತನದವಳು, ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದಳು. ನಮಗೆಲ್ಲ ಫಿಲ್ಲು. ಫಿಲ್ಲು ಮಾತಾಡುತ್ತಿರಲಿಲ್ಲ, ಗುನುಗುತ್ತಿದ್ದಳು. ಲೆಕ್ಕ ಮಾಡುವಾಗ, ಸೂಜಿಗೆ ದಾರ ಪೋಣಿಸುವಾಗ, ಪರೀಕ್ಷೆ ಬರೆಯುವಾಗಲೂ. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇತ್ತು. ಗುನುಗಿನ ಸಾಲು ಮುಗಿಯುವಾಗ ಆ ಸಂದಿಯಿಂದ ಸಣ್ಣದೊಂದು ಸೀಟಿ ಹೊರಡುತ್ತಿತ್ತು, ಕುಕ್ಕರು ಕೂಗಲೋ ಬೇಡವೋ ಅಂತ ಯೋಚಿಸುವಾಗ ಬರುತ್ತದಲ್ಲ, ಅಷ್ಟು ಸಣ್ಣದು. ಆ ಸೀಟಿಯಿಂದಲೇ ಕಳ್ಳಿ ಯಾರೆಂದು ಬೆನ್ನು ತಿರುಗಿಸಿ ನಿಂತರೂ ನನಗೆ ಗೊತ್ತಾಗುತ್ತಿತ್ತು.

ಐದನೇ ಕ್ಲಾಸಿನಲ್ಲಿ ಒಂದು ದಿನ ನೇಚರ್ ಸ್ಟಡಿ ಪೀರಿಯಡ್ಡಿನಲ್ಲಿ ಸಿಸ್ಟರ್ ಕಾಡುಪ್ರಾಣಿಗಳ ಚಾರ್ಟ್ ತೂಗುಹಾಕಿದರು. ಕೋಲಿನಿಂದ ಒಂದೊಂದನ್ನೇ ಮುಟ್ಟುತ್ತ ಬಂದು ಉಡದ ಮೇಲೆ ಕೋಲಿಟ್ಟು, 'ಚಿಲ್ಡ್ರನ್, ದಿಸ್ ಈಸ್ ಎ ಮಾನಿಟರ್' ಅಂದರು. ಉಡಕ್ಕೆ ಇಂಗ್ಲಿಷಿನಲ್ಲಿ ಮಾನಿಟರ್ ಅನ್ನುತ್ತಾರೆಂದು ಅಲ್ಲಿಯವರೆಗೆ ನಮಗ್ಯಾರಿಗೂ ಗೊತ್ತಿರಲಿಲ್ಲ. ಇಡೀ ಕ್ಲಾಸು ಚಾರ್ಟಿನ ಉಡವನ್ನು ನೋಡಿತು, ಆಮೇಲೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿತು. ಆ ಮೌನದಲ್ಲಿ ಫಿಲ್ಲು ಏಟಿಗೂ ಹೆದರದೆ ಕನ್ನಡದಲ್ಲೇ ಹೇಳಿದಳು, 'ಅದಕ್ಕ ಸಿಸ್ಟರ್, ಆಕಿ ಹಿಡದಿದ್ದು ಬಿಡೂದಿಲ್ಲ.'

ಉಡದ ಪಟ್ಟು ಗೊತ್ತಿರುವ ಊರು ನಮ್ಮದು. ಸಿಸ್ಟರ್ ಕೂಡ ನಕ್ಕರು. ನಾನು ನಗಲಿಲ್ಲ. ಮುಂದಿನದು ಹೊಲಿಗೆಯ ಪೀರಿಯಡ್ಡು. ಫಿಲ್ಲು ಎಂದಿನಂತೆ ಗುನುಗಿದಳು. ನಾನು ಹೆಸರು ಬರೆದೆ. ಒಂದು ಇಂಟು, ಎರಡು ಇಂಟು. ಮೂರನೆಯ ಇಂಟು ಹಾಕುವಾಗ ಅವಳು ಗುನುಗಿದ್ದಳೋ, ಬರೀ ಉಸಿರು ಬಿಟ್ಟಿದ್ದಳೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ.

ಆ ವರ್ಷ ಕ್ರಿಸ್‌ಮಸ್ಸಿಗೆ ಒಂಟಿಯಾಗಿ ಹಾಡಬೇಕಾಗಿದ್ದವಳು ಫಿಲ್ಲು. ಮೂರು ಇಂಟಿಗೆ ಕ್ಲಾಸಿನ ಹೊರಗೆ ನಿಲ್ಲಿಸಿದ್ದು ಸಾಲದೆಂದು ಅದನ್ನೂ ತಪ್ಪಿಸಿದರು. ಅವಳ ಜಾಗದಲ್ಲಿ ನಾಲ್ಕು ಜನರನ್ನು ನಿಲ್ಲಿಸಿದರು, ಒಳ್ಳೆಯ ನಡತೆಗಾಗಿ ನನ್ನನ್ನೂ. ಎರಡು ಸಲ ರಿಹರ್ಸಲ್ ಆದ ಮೇಲೆ ಹಾಡಿನ ಸಿಸ್ಟರ್ ನನ್ನ ಗಲ್ಲ ಹಿಡಿದು ಬಹಳ ಅಕ್ಕರೆಯಿಂದ, 'ಸುಶೀಲಾ, ಮೈ ಚೈಲ್ಡ್, ಯೂ ಜಸ್ಟ್ ಮೂವ್ ಯುವರ್ ಲಿಪ್ಸ್' ಅಂದರು.

ಅಂದಿನಿಂದ ನಾನು ತುಟಿ ಅಲ್ಲಾಡಿಸುತ್ತ ಬಂದಿದ್ದೇನೆ. ರಾಷ್ಟ್ರಗೀತೆಗೆ, ಮದುವೆಯ ಆರತಿಗೆ, ಮೂವತ್ತೈದು ವರ್ಷ ಟೀಚರ್ ಆಗಿದ್ದಾಗ ಶಾಲೆಯ ಪ್ರಾರ್ಥನೆಗೆ. ನನ್ನ ಹಾಗೆ ಪರ್ಫೆಕ್ಟಾಗಿ ತುಟಿ ಅಲ್ಲಾಡಿಸುವವರು ಈ ನಾಲ್ಕು ತಾಲೂಕಿನಲ್ಲಿ ಇಲ್ಲ.

ಫಿಲ್ಲು ಮತ್ತು ನಾನು ಗೆಳತಿಯರಾಗಿಯೇ ಉಳಿದೆವು. ಅವಳು ಮದುವೆಯಾಗಿ ಊರಲ್ಲಿ ಗದ್ದೆ ನೋಡಿಕೊಂಡಳು, ಹಳೆಯ ಸೀರೆ ಬಟ್ಟೆ ಸೇರಿಸಿ ಹೊದೆಯುವ ಕೌದಿ ಹೊಲಿದಳು. ನಾನು ಮದುವೆಯಾಗದೆ ದಾಂಡೇಲಿಯಲ್ಲಿ ಇಂಗ್ಲಿಷ್ ಕಲಿಸಿದೆ. ಫಿಲ್ಲು ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾಳೆ, ನನ್ನ ಚಹಾಕ್ಕೆ ಹೆಸರಿಡುತ್ತಾಳೆ, ಮಾನಿಟರಬಾಯಿ ಅಂತ ಕರೆಯುತ್ತಾಳೆ. ನಮ್ಮ ಕಡೆ ಗೌರವದ ಹೆಂಗಸರ ಹೆಸರಿಗೆ ಬಾಯಿ ಸೇರಿಸುತ್ತಾರೆ. ನನ್ನ ವಿಷಯದಲ್ಲಿ ಅದು ನಾನು ಮುಚ್ಚಿಸಿದ ಬೇರೆಯವರ ಬಾಯಿ. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಮುಂದೆ ಅವಳು ಒಂದು ಸಲವೂ ಹಾಡಿರಲಿಲ್ಲ. ಒಮ್ಮೆ ಕೇಳಿದ್ದೆ. 'ಏ, ಹೋಗ. ನೀ ಹೆಸರ ಬರೀತಿ,' ಅಂದು ನಕ್ಕಳು. ನಾನೂ ನಕ್ಕೆ. ಅವಳು ಬಸ್ಸು ಹತ್ತಿದ ಮೇಲೆ ನಗು ನಿಂತಿತು.

ಹೋದ ವರ್ಷ ಒಂದು ದಿನ ಬಂದವಳು ಚಹಾಕ್ಕೆ ಹೆಸರಿಡಲಿಲ್ಲ. ಗಲ್ಲ ಹಿಡಿದುಕೊಂಡು ಕೂತಳು.

'ಮುಂದಿನ ನಾಕೂ ಹಲ್ಲ ಕೀಳಬೇಕಂತ. ಡಾಕ್ಟರ್ ಹೇಳ್ಯಾರ. ಆಮ್ಯಾಲೆ ಸೆಟ್ ಕೂಡಸ್ತಾರಂತ.'

'ಚಲೋ ಆತು ಬಿಡ. ಕಡ್ಲಿ ತಿನ್ನಾಕ ಬರ್ತೈತಿ.'

'ಕಡ್ಲಿಗೆ ಬೆಂಕಿ ಹಚ್ಚ. ರೀಟಾಗ ಈಗ ಎಂಟ್ ತಿಂಗಳಾ.' ರೀಟಾ ಅವಳ ಮೊಮ್ಮಗಳು, ಗೋವಾದ ಒಂದು ಆಸ್ಪತ್ರೆಯಲ್ಲಿ ನರ್ಸು. 'ನಮ್ಮ ಮನ್ಯಾಗ ಹುಟ್ಟಿದ ಎಲ್ಲಾ ಕೂಸುಗೋಳಿಗೂ ನಾನ ಜೋಗಳಾ ಹಾಡೀನಿ. ನಮ್ಮವ್ವನ ಜೋಗಳಾ. ಅರ್ಧ ಮಾತ ಐತಿ, ಅರ್ಧ ಗುನುಗೂದ ಐತಿ, ಕಡೀಕ ಸೀಟಿ ಬರಬೇಕು. ನಮ್ಮವ್ವಗೂ ಹಿಂಗ ಹಲ್ಲಾಗ ಸಂದಿ ಇತ್ತು. ಸೆಟ್ಟಿನಾಗ ಸಂದಿ ಎಲ್ಲಿಂದ ತರ್ಲಿ?' ಆಮೇಲೆ ಮೂಲೆಯಲ್ಲಿದ್ದ ನನ್ನ ಮೈಕನ್ನು ನೋಡಿ, 'ನಿನ್ನ ಕಡೆ ಮಿಷಿನ್ ಐತೆಲ್ಲ,' ಅಂದಳು.

ರಿಟೈರ್ ಆದ ಮೇಲೆ ನಾನು ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಾಗಿ ಇಂಗ್ಲಿಷ್ ಕತೆಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಎರಡರ ನಡುವೆ ಒಂದು ಸಣ್ಣ ಪೆಟ್ಟಿಗೆ. ಇಷ್ಟೇ ನನ್ನ ಸ್ಟುಡಿಯೋ. ಕೂಡಲೇ ಅವಳನ್ನು ಮೈಕಿನ ಮುಂದೆ ಕೂಡಿಸಿದೆ. ಅವಳು ನನ್ನನ್ನೇ ನೋಡುತ್ತ ಕೂತಳು.

'ಏನಾತು?'

'ಗುಂಡಿ ಒತ್ತಿ ನೀ ಹೊರಗ ಕುಂಡ್ರು.'

ಹೊರಗಿನ ಕಟ್ಟೆಯ ಮೇಲೆ ಕೂತೆ. ಮೂರು ಇಂಟು ಬಿದ್ದವರ ಹಾಗೆ.

ಹಾಡಿ ಮುಗಿಸಿ ಒಳಗೆ ಕರೆದಳು. ಹಳೆಯ ವಿದ್ಯಾರ್ಥಿಯೊಬ್ಬ ಕೊಟ್ಟ ದಪ್ಪ ಹೊಟ್ಟೆಯ ಸ್ಪೀಕರ್ ಒಂದಿತ್ತು, ಅದಕ್ಕೆ ಹಚ್ಚಿ ಕೇಳಿಸಿದೆ. ಗಡಿಗೆಯೊಳಗೆ ಕೂತ ಗಂಡಸೊಬ್ಬ ಹಾಡಿದ ಹಾಗೆ ಕೇಳಿಸಿತು. ಫಿಲ್ಲು ಸುತ್ತಲೂ ನೋಡಿ, 'ಇಂವ ಯಾರ?' ಅಂದಳು. ಗಾಬರಿಯಾಗಿ ಲ್ಯಾಪ್‌ಟಾಪಿನಲ್ಲಿ ಕೆಳದನಿಯನ್ನು, ಬೇಸ್ ಅನ್ನುತ್ತಾರಲ್ಲ ಅದನ್ನು, ಕಡಿಮೆ ಮಾಡಿದೆ. ಈಗ ಹೆಂಗಸಾದಳು. ಸಮಾಧಾನವಾಗಿ ಅದನ್ನೇ ಫೋನಿಗೆ ಕಳಿಸಿ ಕೇಳಿದರೆ ಸೊಳ್ಳೆ. ಸ್ಪೀಕರಿಗಾಗಿ ತಿದ್ದಿದರೆ ಫೋನಿನಲ್ಲಿ ಕೆಡುತ್ತದೆ, ಫೋನಿಗಾಗಿ ತಿದ್ದಿದರೆ ಸ್ಪೀಕರಿನಲ್ಲಿ ಕೆಡುತ್ತದೆ. ಸೀಟಿಯಂತೂ ಎಲ್ಲೂ ಕೇಳಲಿಲ್ಲ.

'ನಮ್ಮೂರಿಗೆ ಕ್ಯಾಮೆರಾ ತಗೊಂಡ ಬರಾವ್ರು ಎಲ್ಲಾರೂ ದಮಾಮಿ ಬಾರ್ಸ್ರಿ, ಕುಣೀರಿ ಅಂತಾರ,' ಅಂದಳು ಫಿಲ್ಲು. ದಮಾಮಿ ಅವರ ಡೋಲು. 'ಜೋಗಳಾ ಯಾರೂ ಕೇಳೂದಿಲ್ಲ. ನಾನ ಹುಡುಕ್ಕೊಂಡ ಬಂದು ಹಾಡಿದ್ರ ನಿನ್ನ ಮಿಷಿನ್ ಗಂಡಸಿಂದು ಮಾಡ್ತು. ಹಲ್ಲ ಕೀಳೂದು ಮೂರನೇ ಸೋಮವಾರ. ಅಷ್ಟರಾಗ ನನ್ನ ದನಿ ನನಗ ತೋರ್ಸು, ಮತ್ತೊಮ್ಮೆ ಹಾಡ್ತೇನಿ. ಇಲ್ಲಂದ್ರ ಬಿಡು.'

ಅವಳು ಬಿಡು ಅಂದದ್ದು ಯಾರಿಗೆ? ಉಡಕ್ಕೆ.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ತಾಶಿ ಅಂತ ಒಬ್ಬರಿದ್ದಾರೆ. ಐವತ್ತು ದಾಟಿದವರು. ಚಳಿಗಾಲದಲ್ಲಿ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುತ್ತಿದ್ದಾಗಿನಿಂದ ಪರಿಚಯ. ನನ್ನಲ್ಲಿರುವ ಏಳೂ ಸ್ವೆಟರು ಅವರವೇ, ಏಳೂ ಒಂದೇ ಬಣ್ಣ, ಯಾಕೆಂದರೆ ಪ್ರತಿ ವರ್ಷ ಅವರು 'ಅಕ್ಕೋರ, ಇದು ನಿಮಗ ಒಪ್ಪತೈತ್ರಿ' ಅನ್ನುತ್ತಾರೆ, ನಾನು ಒಪ್ಪುತ್ತೇನೆ. ಈಗ ಸ್ವೆಟರ್ ಬಿಟ್ಟು ತಮ್ಮ ಹಿರಿಯರ ಮಾತು, ಪ್ರಾರ್ಥನೆಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಇಡುತ್ತಿದ್ದಾರೆ. ಬಸ್ಸು ಬದಲಿಸಿ ಅವರಲ್ಲಿಗೆ ಹೋದೆ. ಮೆಕ್ಕೆಜೋಳದ ಹೊಲದ ಪಕ್ಕದ ಮನೆ. ಬೆಣ್ಣೆ ಚಹಾ ಕೊಟ್ಟರು. ಫಿಲ್ಲು ಅದನ್ನು ಕುಡಿದಿದ್ದರೆ ನನ್ನ ಚಹಾದ ಮೇಲೆ ಗೌರವ ಬರುತ್ತಿತ್ತು.

ನನ್ನ ಕತೆ ಕೇಳಿ ತಾಶಿ ಹೇಳಿದರು, 'ಅಕ್ಕೋರ, ನಿಮಗ ಮಾನಿಟರ್ ಬೇಕ್ರಿ.'

'ಲ್ಯಾಪ್‌ಟಾಪಿಗೆ ಸ್ಕ್ರೀನ್ ಐತೆಲ್ರಿ ತಾಶಿ.'

'ನೋಡೂದಲ್ರಿ, ಕೇಳೂದು. ರೆಕಾರ್ಡಿಂಗ್ ಮಾಡಾವ್ರು ಇಡೂ ಸ್ಪೀಕರಿಗೆ ಮಾನಿಟರ್ ಅಂತಾರ. ಬಾಕಿ ಸ್ಪೀಕರ್ ಎಲ್ಲಾ ಬೀಗರ ಇದ್ದಂಗ್ರಿ, ಏನ ಬಡಸಿದ್ರೂ ಭಾಳ ಚಲೋ ಆಗೇತಿ ಅಂತಾವ. ಇದು ಹಂಗಲ್ಲ. ಇದ್ದದ್ದ ಇದ್ದಂಗ ಹೇಳ್ತೈತಿ. ಹೊಗಳೂದ ಗೊತ್ತಿಲ್ಲ ಅದಕ್ಕ. ಬರೇ ಚಾಡಿ ಹೇಳ್ತೈತಿ.'

ನೀವು ನಗಬೇಡಿ. ಉಳಿದ ಬೆಣ್ಣೆ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟೆ. ಒಂಬತ್ತು ವರ್ಷದ ಹುಡುಗಿಯ ಕೈಗೆ ಕೊಟ್ಟಿದ್ದ ಕೆಲಸವನ್ನು ಯಾರೋ ಇಷ್ಟು ಮರ್ಯಾದೆಯಿಂದ ವರ್ಣಿಸಿದ್ದು ಅದೇ ಮೊದಲು.

ತಾಶಿ ನನ್ನ ಕೋಣೆಯ ಅಳತೆ ಕೇಳಿದರು, ಹತ್ತಕ್ಕೆ ಹನ್ನೊಂದು ಅಡಿ. 'ಎಂಟ್ ಇಂಚಿಂದು ತೋರಸ್ತಾರ, ತಗೋಬ್ಯಾಡ್ರಿ. ಆನಿ ತಂದು ಅಡಗಿಮನ್ಯಾಗ ಕಟ್ಟಿದಂಗ ಆಕ್ಕೈತಿ. ಮೂರ ಇಂಚಿಂದು ಸೋವಿ, ಆದ್ರ ಅದರಾಗ ಕೆಳಗಿನ ದನಿ ಸರಿ ಕೇಳೂದಿಲ್ಲ. ಐದ ಇಂಚಿಂದು ಸಾಕು. ಗಾಳಿ ತೂತ ಮುಂದ ಇರೂದು ನೋಡ್ರಿ, ಹಿಂದ ಇದ್ರ ಗೋಡಿಗೆ ಬಡದು ಗುಂಯ್ ಅಂತೈತಿ. ಮತ್ತ ಅಂಗಡ್ಯಾಗ ಅವ್ರ ಹಾಡ ಕೇಳಬ್ಯಾಡ್ರಿ. ನೀವ ನೂರ ಸಲ ಕೇಳಿದ್ದ ದನಿ ಒಯ್ರಿ.'

'ಯಾವುದರಾಗ ಚಂದ ಕೇಳಸ್ತೈತಿ ಅದನ್ನ ತಗೋಬೇಕ?'

'ಅಲ್ರಿ. ಯಾವುದರಾಗ ಖರೇ ಕೇಳಸ್ತೈತಿ ಅದನ್ನ.'

ಎರಡನೇ ಸೋಮವಾರ ಹುಬ್ಬಳ್ಳಿಗೆ ಹೋದೆ. ಗಾಜಿನ ಬಾಗಿಲಿನ ಅಂಗಡಿ. ಗಿಟಾರುಗಳ ನಡುವೆ ನನ್ನನ್ನು ನೋಡಿ ಮಾಲೀಕರು, 'ಮೊಮ್ಮಗಗ ಗಿಫ್ಟ್ ಏನ್ರಿ ಅಮ್ಮಾರ?' ಅಂದರು.

'ನೋ, ಫಾರ್ ಮೈಸೆಲ್ಫ್. ಸ್ಟುಡಿಯೋ ಮಾನಿಟರ್ಸ್, ಆಕ್ಟಿವ್, ಫೈವ್ ಇಂಚ್, ಫ್ರಂಟ್ ಪೋರ್ಟ್,' ಅಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆಕ್ಟಿವ್ ಅಂದರೆ ಬೇರೆ ಆಂಪ್ಲಿಫಯರ್ ಬೇಡದೆ ನೇರವಾಗಿ ಕರೆಂಟಿಗೆ ಹಚ್ಚುವಂಥದ್ದು. ಮಾಲೀಕರು ಎದ್ದು ನಿಂತು ನನಗೆ ಕುರ್ಚಿ ಹಾಕಿದರು. ಕಾನ್ವೆಂಟ್ ಇಂಗ್ಲಿಷು ಈ ವಯಸ್ಸಿನಲ್ಲೂ ಕುರ್ಚಿ ಕೊಡಿಸುತ್ತದೆ.

ಮೊದಲು ಎಂಟು ಇಂಚಿನದನ್ನೇ ತೋರಿಸಿದರು. ಸಿನಿಮಾ ಹಾಡು ಹಾಕಿದರು, ನನ್ನ ಕುರ್ಚಿ ನಡುಗಿತು. 'ಹೆಂಗೈತ್ರಿ ಬೇಸು?' ಅಂದರು. ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು, 'ಇದನ್ನ ಹಚ್ರಿ,' ಅಂದೆ. ಅದರಲ್ಲಿದ್ದದ್ದು ನಾನು ಕಟ್ಟೆಯ ಮೇಲೆ ಕೂತಾಗ ಫಿಲ್ಲು ಹಾಡಿದ್ದು, ಏನೂ ತಿದ್ದದೆ ಇಟ್ಟದ್ದು. ಆ ದೊಡ್ಡ ಪೆಟ್ಟಿಗೆಗಳಲ್ಲಿ ಫಿಲ್ಲು ಚರ್ಚಿನ ಗಂಟೆಯಾದಳು. ಮೂರು ಇಂಚಿನವುಗಳಲ್ಲಿ ರೀಟಾಳಷ್ಟು ಚಿಕ್ಕವಳಾದಳು. ಬೆಳ್ಳಿ ಬಣ್ಣದ ಒಂದು ಜೋಡಿಯಲ್ಲಿ ಎಷ್ಟು ಚಂದ ಕೇಳಿಸಿತೆಂದರೆ ನನಗೆ ಕಣ್ಣೀರು ಬಂತು. ಅದೇ ನಮ್ಮಪ್ಪನ ಮರದ ರೇಡಿಯೋದ ಮೋಸ. ಅದರಲ್ಲಿ ಪ್ರದೇಶ ಸಮಾಚಾರ ಓದುವವರೂ ಗಂಧರ್ವರ ಹಾಗೆ ಕೇಳುತ್ತಿದ್ದರು. ಕಣ್ಣು ಒರೆಸಿಕೊಂಡು, 'ಬ್ಯಾಡ, ಮುಂದಿಂದು ಹಚ್ರಿ,' ಅಂದೆ.

ಕೆಳಗಿನ ಸಾಲಿನಲ್ಲಿ ಒಂದು ಕರಿಯ ಜೋಡಿ ಇತ್ತು. ಐದು ಇಂಚು, ಮುಂದೆ ತೂತು. ಅಂಗಡಿಯಲ್ಲಿ ನೋಡಲಿಕ್ಕೆ ಇಟ್ಟದ್ದು, ಬಲಗಡೆಯದರ ಮೂಲೆಯಲ್ಲಿ ಒಂದು ಗೀರು. 'ಇದರಾಗ ಅಂಥಾ ಮಜಾ ಇಲ್ರಿ,' ಅನ್ನುತ್ತಲೇ ಮಾಲೀಕರು ಹಚ್ಚಿದರು.

ಕಣ್ಣು ಮುಚ್ಚಿದೆ. ಮೊದಲು ಕೇಳಿದ್ದು ಫಿಲ್ಲು ಅಲ್ಲ. ಟಪ್. ಮತ್ತೆ ಟಪ್. ನನ್ನ ಅಡುಗೆಮನೆಯ ಸೋರುವ ನಲ್ಲಿ. ಗೋಡೆಯ ಹಲ್ಲಿ ಲೊಚಗುಟ್ಟಿತು. ಬಾಗಿಲಾಚೆ ಕಟ್ಟೆಯ ಮೇಲೆ ಯಾರೋ ಮುದುಕಿ ಕೆಮ್ಮಿದಳು, ಕೆಮ್ಮಿದ ಮೇಲೆ ಸೆರಗು ಸರಿಪಡಿಸಿಕೊಂಡಂತೆ ಬಳೆ ಸದ್ದಾಯಿತು. ಅದು ನಾನು. ಆಮೇಲೆ ಫಿಲ್ಲು. ಗಡಿಗೆಯಲ್ಲ, ಗಂಟೆಯಲ್ಲ, ಸ್ವಲ್ಪ ಒಡಕು ದನಿಯ, ಎಪ್ಪತ್ತು ದಾಟಿದ ಫಿಲ್ಲು. ಸಾಲಿನ ಕೊನೆಗೆ ಕುಕ್ಕರು ಕೂಗಲೋ ಬೇಡವೋ ಅಂತ ಯೋಚಿಸಿತು. ಹೊಲಿಗೆಯ ಪೀರಿಯಡ್ಡಿನಲ್ಲಿ ಬೆನ್ನ ಹಿಂದೆ ಕೇಳಿದ್ದ ಅದೇ ಸೀಟಿ.

'ಇವ ಬೇಕ್ರಿ,' ಅಂದೆ.

'ಅಮ್ಮಾರ, ಇದರಾಗ ನಳಾ ಸೋರೂದ ಸೈತ ಕೇಳಾಕತ್ತೈತ್ರಿ,' ಅಂದರು ಮಾಲೀಕರು.

'ನಳಾ ಸೋರ್ತೈತ್ರಿ. ಅದಕ್ಕ ಕೇಳ್ತೈತಿ.'

ಗೀರಿನ ನೆಪದಲ್ಲಿ ಸಾಕಷ್ಟು ಜಗ್ಗಾಡಿದೆ. ನನ್ನ ಪೆನ್ಷನ್ನಿಗೆ ನೋವಾಗದಷ್ಟಕ್ಕೆ ಬಂದು ನಿಂತಿತು. ಸ್ಟುಡಿಯೋದವರು ಕೇಳಿದರೆ ನಕ್ಕಾರು, ಅಷ್ಟು ಸೋವಿಯಾಗಿ ಸತ್ಯವನ್ನು ಎರಡು ಡಬ್ಬಿಯಲ್ಲಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ಒಂದು ಡಬ್ಬಿಗೆ ಸೀಟು ಹಿಡಿದು, ಇನ್ನೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಹಳಿಯಾಳ ದಾಟುವಾಗ ಕಂಡಕ್ಟರ್ 'ಟಿವಿ ಏನ್ರಿ?' ಅಂತ ಕೇಳಿದ. 'ಮಾನಿಟರ್' ಅಂದೆ. 'ಅದ ಅದ,' ಅಂದ.

ತಾಶಿ ಫೋನಿನಲ್ಲಿ ಹೇಳಿದಂತೆ ಎರಡು ಸ್ಟೂಲಿನ ಮೇಲೆ ಕಿವಿಯ ಎತ್ತರಕ್ಕೆ ಇಟ್ಟೆ. ಎತ್ತರ ಸಾಲದ್ದಕ್ಕೆ ಹಳೆಯ ಡಿಕ್ಷನರಿಗಳು. ಎರಡು ಸ್ಪೀಕರು, ಒಂದು ತಲೆ, ಮೂರರ ನಡುವೆ ಸಮಾನ ಅಂತರ ಬೇಕು. ಸೀರೆಯ ಫಾಲ್ ಅಳೆಯುವ ಟೇಪಿನಿಂದ ಅಳೆದೆ. ನಲ್ಲಿ ರಿಪೇರಿ ಮಾಡಿಸಿದೆ. ಬರಿಯ ಗೋಡೆಗಳು ಮಾರ್ದನಿ ಕೊಡುತ್ತಿದ್ದವು, ಅದಕ್ಕೆ ಮೂರನೇ ಸೋಮವಾರದ ಹಿಂದಿನ ಭಾನುವಾರ ಫಿಲ್ಲು ಪ್ರಾರ್ಥನೆ ಮುಗಿಸಿ ತನ್ನ ನಾಲ್ಕು ಕೌದಿ ಹೊತ್ತು ಬಂದಳು. ಮೂರನ್ನು ಮೊಳೆ ಹೊಡೆದು ತೂಗುಹಾಕಿದೆವು. ನಾಲ್ಕನೆಯದಕ್ಕೆ ಮೂಲೆಗಳಲ್ಲಿ ತ್ರಿಕೋನದ ಬಟ್ಟೆಯ ಮಡಿಕೆಗಳು ಇನ್ನೂ ಇರಲಿಲ್ಲ. ಅದನ್ನೂ ಹಾಕೋಣ ಅಂದರೆ ಅವಳು ಬಿಡಲಿಲ್ಲ.

'ಅದಕ್ಕ ಫುಲಾ ಹಚ್ಚಿಲ್ಲ. ಮೂಲಿಗೆ ಫುಲಾ ಇಲ್ಲದ ಕೌದಿ ಬತ್ಲೆ ಇದ್ದಂಗ. ನಾಕ ಜನರ ಮುಂದ ಹಾಕಬಾರ್ದು.'

'ಯಾವ ಉಪಯೋಗಕ್ಕ ಫುಲಾ?'

'ಉಪಯೋಗ ಏನೂ ಇಲ್ಲ. ಇರಬೇಕು, ಅಷ್ಟ.'

ಕುರ್ಚಿಯಲ್ಲಿ ಕೂಡಿಸಿ, ಅವಳ ಮೊದಲಿನ ಹಾಡನ್ನೇ ಹಚ್ಚಿದೆ. ಅವಳು ಅಲ್ಲಾಡಲಿಲ್ಲ. ಸೀಟಿ ಬಂದಾಗ ನಾಲಿಗೆಯಿಂದ ತನ್ನ ಹಲ್ಲನ್ನು ಮುಟ್ಟಿ ನೋಡಿಕೊಂಡಳು. ಮುಗಿದ ಮೇಲೆ ಹೇಳಿದಳು, 'ಹೌದು. ಇದು ನಾನ.' ಆಮೇಲೆ, 'ಹೊರಗ ಕೆಮ್ಮಾಕತ್ತಾಕಿ ಯಾರ?'

'ನಾನ.'

'ಥಂಡ್ಯಾಗ ಯಾಕ ಕುಂತಿದ್ದಿ?'

'ನೀನ ಕುಂಡ್ರು ಅಂದಿ.'

ಮೈಕಿನ ಮುಂದೆ ಹೋಗಿ ಕೂತು, ಸೆರಗು ಹೊದ್ದುಕೊಂಡು, ನನ್ನ ಕಡೆ ನೋಡದೆ ಅಂದಳು, 'ಈ ಸಲ ಒಳಗ ಕುಂಡ್ರು.'

ಕೂತೆ. ಫಿಲ್ಲು ಕಣ್ಣು ಮುಚ್ಚಿ ಹಾಡಿದಳು. ನಾಲ್ಕು ನುಡಿ. ಅದರ ಬಗ್ಗೆ ಏನು ಹೇಳಲಿ. ಅವಳ ಕೌದಿಗಳು ಸುತ್ತಲೂ ನಿಂತು ಕೇಳಿದವು. ಹಾಡು ಮುಗಿದು ಅವಳು ಕಣ್ಣು ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ರೆಕಾರ್ಡಿಂಗಿಗೆ ಏನೂ ಆಗಲಿಲ್ಲ. ಮಾನಿಟರುಗಳು ಮಾತ್ರ ಬಾಯಿ ಮುಚ್ಚಿದವು. ಅವಳ ಬಸ್ಸಿನ ಹೊತ್ತಾಗಿತ್ತು, ಕೇಳದೆಯೇ ಹೋದಳು.

ಕರೆಂಟು ಬಂದದ್ದು ಸೋಮವಾರ ಬೆಳಿಗ್ಗೆ. ಚಹಾ ಹಿಡಿದುಕೊಂಡು ಕೂತು ಹಚ್ಚಿದೆ. ಮೊದಲ ನುಡಿ ಬಂಗಾರ. ಎರಡನೆಯದರಲ್ಲಿ ಫಿಲ್ಲುವಿನ ದನಿಯ ಕೆಳಗೆ ಇನ್ನೇನೋ ಇತ್ತು. ಫ್ರಿಜ್ಜು ಅಂದುಕೊಂಡೆ. ಆದರೆ ಫ್ರಿಜ್ಜಿಗೆ ಜೋಗುಳ ಬರುವುದಿಲ್ಲ. ಮೂರನೆಯ ನುಡಿಯಲ್ಲಿ ಅದು ಫಿಲ್ಲುವಿನ ಹಿಂದೆ ಒಂದು ಹೆಜ್ಜೆ ತಡವಾಗಿ, ಅರ್ಧ ಸುರ ಕೆಳಗೆ, ನಾಚಿಕೊಂಡು ಬರುತ್ತಿತ್ತು. ಯಾರೋ ಗುನುಗುತ್ತಿದ್ದರು.

ಅರವತ್ತು ವರ್ಷ ಬರೀ ತುಟಿ ಅಲ್ಲಾಡಿಸಿದ ಹೆಂಗಸು, ಇಡೀ ಜನ್ಮದಲ್ಲಿ ಒಂದೇ ಸಲ, ಗೊತ್ತೇ ಇಲ್ಲದೆ, ದನಿ ಬಿಟ್ಟಿದ್ದಳು. ಬಿಡಬಾರದ ಆ ಒಂದು ಹೊತ್ತು ನೋಡಿ ಬಿಟ್ಟಿದ್ದಳು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು. ಫಿಲ್ಲು ಈಗ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದಿರುತ್ತಾಳೆ. ಮತ್ತೊಮ್ಮೆ ಹಾಡು ಅನ್ನಲಿಕ್ಕೆ ಆ ಹಲ್ಲುಗಳೇ ಇಲ್ಲ. ಮೊದಲಿನ ರೆಕಾರ್ಡಿಂಗಿನ ತುಂಬ ನಲ್ಲಿಯ ಟಪ್ ಟಪ್, ನನ್ನ ಕೆಮ್ಮು.

ತಾಶಿಗೆ ಫೋನ್ ಮಾಡಿದೆ. 'ಎರಡೂ ಒಂದ ಮೈಕಿನಾಗ ಬಂದಾವಲ್ರಿ ಅಕ್ಕೋರ, ಅದೂ ಹೆಚ್ಚೂಕಡಿಮಿ ಒಂದ ಸುರದಾಗ. ಹಾಲಾಗ ನೀರ ಹಾಕಿದ ಮ್ಯಾಲೆ ತಗ್ಯಾಕ ಬರ್ತೈತೇನ್ರಿ?' ಆಮೇಲೆ ಸಮಾಧಾನ ಹೇಳಿದರು, 'ಫೋನಿನಾಗ ಕೇಳೂದಿಲ್ಲ ಬಿಡ್ರಿ.' ಹೌದು, ಫೋನಿನಲ್ಲಿ ಹಚ್ಚಿ ನೋಡಿದೆ, ನನ್ನ ಗುನುಗು ಕೇಳಲೇ ಇಲ್ಲ. ರೀಟಾ ಕೇಳುವುದು ಫೋನಿನಲ್ಲಿ. ಸುಮ್ಮನೆ ಕಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮಾನಿಟರುಗಳ ವೈರು ಕಿತ್ತು, ಕೆಟ್ಟಿವೆ ಅಂದುಬಿಟ್ಟರೆ ಮುಗಿಯಿತು. ಕೈ ಪ್ಲಗ್ಗಿನ ತನಕ ಹೋಗಿತ್ತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಫಿಲ್ಲುವಿನ ಮಗಳು ಅವಳನ್ನು ನಮ್ಮ ಬಾಗಿಲಲ್ಲಿ ಇಳಿಸಿ ಔಷಧಿ ಅಂಗಡಿಗೆ ಹೋದಳು. ಬಾಯಿ ತುಂಬ ಹತ್ತಿ, ಗಲ್ಲಕ್ಕೆ ಬಟ್ಟೆ, ಮಾತಾಡಬಾರದೆಂದು ಡಾಕ್ಟರ ಅಪ್ಪಣೆ. ಕುರ್ಚಿಯಲ್ಲಿ ಕೂತು ಬೆರಳಿನಿಂದ ಹಚ್ಚು ಅಂತ ಸನ್ನೆ ಮಾಡಿದಳು. ಹಚ್ಚಿದೆ.

ಮೊದಲ ನುಡಿಗೆ ಅವಳ ಕಣ್ಣು ತುಂಬಿತು. ಎರಡನೆಯ ನುಡಿಗೆ ಹುಬ್ಬು ಮೇಲೇರಿತು. ಎಡ ಸ್ಪೀಕರ್ ನೋಡಿದಳು, ಬಲ ಸ್ಪೀಕರ್ ನೋಡಿದಳು, ಆಮೇಲೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ಚಾರ್ಟಿನ ಉಡದಿಂದ ನನ್ನ ಕಡೆ ತಿರುಗಿದ್ದಳಲ್ಲ, ಅದೇ ನೋಟ. ನಾನು ನೆಲ ನೋಡಿದೆ.

ಟ್ಯೂಶನ್ ಹೇಳುತ್ತಿದ್ದ ಕಾಲದ ಬೋರ್ಡು ಇನ್ನೂ ಆ ಕೋಣೆಯಲ್ಲೇ ಇದೆ. ಫಿಲ್ಲು ಎದ್ದು ಹೋಗಿ ಕೆಳಗಿನ ಪಟ್ಟಿಯಿಂದ ಸೀಮೆಸುಣ್ಣ ತೆಗೆದುಕೊಂಡು ಮೂಲೆಯಲ್ಲಿ ಬರೆದಳು. ಕ್ಯಾಪಿಟಲ್ ಲೆಟರಿನಲ್ಲಿ. ಸುಶೀಲಾ. ಮುಂದೆ ಒಂದು ಇಂಟು. ಅಲ್ಲೇ ನಿಂತು ಮೂರನೆಯ ನುಡಿ ಕೇಳಿ ಇನ್ನೊಂದು ಇಂಟು. ನಾಲ್ಕನೆಯದಕ್ಕೆ ಮತ್ತೊಂದು. ಹಾಡು ನಿಂತಿತು.

'ತಗ್ಯಾಕ ಬರೂದಿಲ್ಲಂತ ಫಿಲ್ಲು,' ಅಂದೆ. 'ತಾಶಿನೂ ಆಗೂದಿಲ್ಲ ಅಂದ್ರು. ನಿನ್ನ ಹಾಡ ಕೆಡಿಸಿದೆ. ಇದು ಎರಡನೇ ಸಲ.'

ಅವಳು ತಲೆ ಅಲ್ಲಾಡಿಸಿದಳು. ಗೋಡೆಯ ಕೌದಿಯ ಹತ್ತಿರ ಹೋಗಿ, ಅದರ ಮೂಲೆಯ ಫುಲಾವನ್ನು ಎರಡು ಬೆರಳಲ್ಲಿ ಹಿಡಿದು, ನನ್ನ ಮುಖದ ಮುಂದೆ ಅಲ್ಲಾಡಿಸಿದಳು. ಅರ್ಥ ಆಯಿತೋ ಇಲ್ಲವೋ ಅಂತ ಮತ್ತೊಮ್ಮೆ ಅಲ್ಲಾಡಿಸಿದಳು. ಆಮೇಲೆ ಸೀಮೆಸುಣ್ಣವನ್ನು ಎಡಗಡೆಯ ಮಾನಿಟರಿನ ಮೇಲಿಟ್ಟು, ಮೂರು ಇಂಟು ಬಿದ್ದವಳಿಗೆ ಬಾಗಿಲು ತೋರಿಸದೆ ಪಕ್ಕದ ಕುರ್ಚಿ ತೋರಿಸಿದಳು. ಕೂತೆ. ಮತ್ತೆ ಮೊದಲಿನಿಂದ ಹಚ್ಚಿಸಿದಳು. ಎರಡನೆಯ ನುಡಿ ಬಂದಾಗ ಮೊಣಕೈಯಿಂದ ನನ್ನನ್ನು ತಿವಿದಳು. ತಿವಿದ ಮೇಲೆ ಗುನುಗದೆ ಇರಲಿಕ್ಕಾಗುತ್ತದೆಯೇ?

ರೀಟಾಗೆ ಹೆಣ್ಣು ಕೂಸು. ನಾವು ಕಳಿಸಿದ ಜೋಗುಳ ಹಚ್ಚಿದರೆ ಮೊದಲ ನುಡಿಗೆ ಕಣ್ಣು ಬಿಟ್ಟು ಕೇಳುತ್ತದಂತೆ, ಮೂರನೆಯದಕ್ಕೆ ನಿದ್ದೆಯಂತೆ. ಹೋದ ವಾರ ಫಿಲ್ಲು ಹೊಸ ಹಲ್ಲಿನ ಸೆಟ್ ಹಾಕಿಕೊಂಡು ನಮ್ಮ ಮನೆಯಲ್ಲಿ ಚಹಾಕ್ಕೆ ಹೆಸರಿಡುತ್ತ ಕೂತಿದ್ದಾಗ ರೀಟಾ ಫೋನ್ ಮಾಡಿದಳು. ಇಯರ್‌ಫೋನ್ ಹಾಕಿಕೊಂಡು ಕೇಳಿದ್ದಳಂತೆ.

'ಅಜ್ಜಿ, ನಿನ್ನ ಹಿಂದ ಇನ್ನೊಂದು ದನಿ ಐತೆಲ್ಲ, ಸ್ವಲ್ಪ ಬೇಸೂರ. ಅದು ಯಾರದು?'

ಫಿಲ್ಲು ನನ್ನ ಕಡೆ ನೋಡಿದಳು, ಬೋರ್ಡಿನ ಮೂಲೆ ನೋಡಿದಳು. ನಾನು ಅಳಿಸಿಲ್ಲ, ಅಳಿಸುವುದೂ ಇಲ್ಲ.

'ಅದಾ?' ಅಂದಳು. 'ಅದು ಉಡಾ.'